ಮ್ಯೂಸಿಯಂ ಪಾಸೂ ಮೂರು ಮದುವೆ ಲಕೋಟೆಗಳೂ

ಗುಲಾಬಿ ಏದುಸಿರು ಬಿಡುತ್ತಾ ಹೆಮ್ಮಾಡಿಯ ಕುಸುಮಳ ಜಗಲಿ ಹತ್ತಿದಾಗ ಮಧ್ಯಾಹ್ನ ಹನ್ನೆರಡು. ನಾಲ್ಕಕ್ಕೆ ಬೈಂದೂರಿನಲ್ಲಿ ಮುಂಬೈ ರೈಲು.

“ಹ್ವಾಯ್ ಕುಸುಮಕ್ಕ, ಪಾಸ್ ಕಾಣೆ ಆಯ್ತೇ! ನಾವ್ ಹೋಪ್ದೆಲ್ಲ ಹಾಳಾಯ್ತ್!”

ಅಂಚೆ ಕೆಲಸದಿಂದ ನಿವೃತ್ತಳಾದ ಕುಸುಮ ಕಳೆದ ಕೋಳಿಯಿಂದ ಹಿಡಿದು ಕದ್ದ ದೋಣಿ ಎಂಜಿನ್ನಿನವರೆಗೆ ಊರಲ್ಲಿ ಏನೇ ಆದರೂ ಪತ್ತೆ ಹಚ್ಚುವವಳು. ಅವಳನ್ನು ರಿಕ್ಷಾದಲ್ಲಿ ಕರೆದೊಯ್ಯುವ ರಾಜೀವನಿಗೆ ಮಾತ್ರ ಪ್ರತಿ ಸಲವೂ ಗಡಿಬಿಡಿ. ಇವತ್ತಂತೂ ಗುಲಾಬಿ ಮಾತು ಮುಗಿಸುವ ಮೊದಲೇ ರಿಕ್ಷಾ ಶುರು ಮಾಡಿದ್ದ.

ಗುಲಾಬಿಯ ಗಂಡ ಅಣ್ಣಯ್ಯ ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುವುದರಲ್ಲೇ ಮುದುಕನಾದವನು. ಕೆಲವೇ ತಿಂಗಳಲ್ಲಿ ಕಣ್ಣು ಪೂರ್ತಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಅದಕ್ಕೆ ಮೊದಲು ಮುಂಬೈಯ ದೊಡ್ಡ ಕಲಾ ಮ್ಯೂಸಿಯಮ್ಮಿನ ಚಿತ್ರಗಳನ್ನು ನೋಡಬೇಕೆಂಬುದು ಅವನ ಆಸೆ. ಸ್ಲೀಪರ್ ಟಿಕೆಟ್, ದಾರಿಗೆ ಅವಲಕ್ಕಿ, ಮಲಗಲು ಊರವರ ಹೋಟೆಲಿನ ಅಟ್ಟ ಎಂದು ಹೇಗೋ ಹೊಂದಿಸಿದ್ದರು. ಒಳಗೆ ಹೋಗಲು ಕುಶಲಕರ್ಮಿಗಳ ಉಚಿತ ಪಾಸು ಅಂಚೆಯಲ್ಲಿ ಬಂದಿತ್ತು. ಅದು ಒಂದೇ ದಿನಕ್ಕೆ, ಅಸಲು ಕಾಗದ ತೋರಿಸಿದರೆ ಮಾತ್ರ.

ಗುಲಾಬಿಯ ಮನೆಯಲ್ಲಿ ಕುಸುಮ ಪ್ರಯಾಣದ ಚೀಲ ಮಗುಚಿದಳು. “ಪಾಸ್ ಒಂದೇ ಹೋದ್ದಾ?”

“ಅಲ್ಲ ಮಾರಾಯ್ತಿ. ನೆರೆಕರೆಯವ್ರ್ ಬೊಂಬಾಯಿಗೆ ಕಟ್ಟು ಕೊಟ್ಟಿದ್ರಲೆ, ಅವರ ವಿಳಾಸದ ಲಕೋಟೆ ಮೂರೂ ಇಲ್ಲೆ!”

ಈ ಕಡೆ ಯಾರಾದರೂ ಮುಂಬೈಗೆ ಹೊರಟರೆಂದರೆ ನೆರೆಮನೆಯವರು ಒಣಮೀನು, ಹಪ್ಪಳದ ಕಟ್ಟು ಹೊರಿಸದೆ ಬಿಡುವುದಿಲ್ಲ. ಕಟ್ಟುಗಳೇನೋ ಮೂಲೆಯಲ್ಲೇ ಇದ್ದವು. ವಿಳಾಸ ಬರೆದ ಚೀಟಿಗಳನ್ನು ಹಳೆಯ ಮದುವೆ ಲಕೋಟೆಗಳಲ್ಲಿ ಹಾಕಿ ಕೊಟ್ಟಿದ್ದರಂತೆ. ಮ್ಯೂಸಿಯಮ್ಮಿನ ಬಿಳಿ ಲಕೋಟೆಯೂ ಅದೇ ಗಾತ್ರ, ಅಷ್ಟೇ ದಪ್ಪ.

ಬೆಳಿಗ್ಗೆ ಮನೆಗೆ ಬಂದವರು ಇಬ್ಬರು. ಜೊತೆಗೆ ಹೊರಡಬೇಕಿದ್ದ ಸೊಸೆ ಸುಪ್ರೀತಾ, “ಆ ಚಿತ್ರ ಎಲ್ಲ ಫೋನಂಗೇ ಕಾಣ್ಲಕ್ಕಲೆ” ಎಂದು ಗೊಣಗಿದ್ದಳು. ದೋಣಿಯ ಯಜಮಾನ ನಾಗನಿಗೆ ತನ್ನ ದೋಣಿಯ ಬಣ್ಣ ಮುಗಿಯುವ ತನಕ ಅಣ್ಣಯ್ಯ ಎಲ್ಲೂ ಹೋಗಬಾರದಿತ್ತು.

“ನಾಗಂದೇ ಕೆಲ್ಸ ಸೈ,” ಎಂದ ರಾಜೀವ, ಗಡಿಯಾರ ನೋಡುತ್ತಾ. ಒಂದು ಗಂಟೆ ಆಗಿತ್ತು.

ಹೊಳೆ ದಂಡೆಯ ಚಪ್ಪರದಡಿ ನಾಗನ ದೋಣಿ ನಿಂತಿತ್ತು. ಅಣ್ಣಯ್ಯ ಅದರ ಪಕ್ಕ ತನ್ನ ಪೆಟ್ಟಿಗೆಯ ಮೇಲೆ ಕೂತಿದ್ದ. ದೋಣಿಯ ಮೇಲೆ ‘ಜಲದುರ್ಗೆ’ ಎಂಬ ಹೆಸರು, ಮೊದಲೆರಡು ಅಕ್ಷರ ಕೆಂಪು, ಮುಂದಿನವು ಹಸಿರು.

“ಹೊಸ ಫ್ಯಾಶನ್ನಾ?” ಎಂದಳು ಕುಸುಮ.

“ಹಾಂಗೇ ಕಾಣತ್ತ್,” ಎಂದ ನಾಗ. “ನಿನ್ನೆ ಗುಡಿಸುಕೆ ನಾನ್ ಬಣ್ಣದ ಡಬ್ಬಿ ಎಲ್ಲ ಎತ್ತಿ ಇಟ್ಟೆ. ಬಂದ್ ಕಂಡ್ರೆ ಹೀಂಗ್ ಬರೆದಿದ್ರ್. ದೊಡ್ಡವ್ರಿಗೆ ಎಂತ ಕೇಂಬುದ್?”

ಕುಸುಮ ಎರಡು ಬಣ್ಣ ಸೇರುವಲ್ಲಿ ಬೆರಳಾಡಿಸಿದಳು. ಆಮೇಲೆ ಎಲ್ಲರನ್ನೂ ಚಪ್ಪರದಡಿಗೆ ಕರೆಸಿದಳು. ಸುಪ್ರೀತಾಳ ಮುಖ ಕೆಂಪೇರಿತ್ತು, ನಾಗ ಬೆವರುತ್ತಿದ್ದ.

“ಸುಪ್ರೀತಾ ಅಲ್ಲ, ನಾಗನೂ ಅಲ್ಲ,” ಎಂದಳು ಕುಸುಮ. “ಪಾಸ್ ಬೇಕಾದವ ಪಾಸ್ ಒಂದನ್ನೇ ತೆಗೀತಿದ್ದ. ಮದಿ ಲಕೋಟೆ ಎಂತಕ್ಕೆ? ಓದುಕೆ ಬಾರದವ್ರಿಗೂ ಗಣಪತಿ ಚಿತ್ರ, ಅರಸಿನ ಹಚ್ಚಿದ ಮೂಲೆ ಕಂಡ್ರೆ ಗೊತ್ತಾತ್ತ್. ತೆಗ್ದವ ನಾಲ್ಕನ್ನೂ ತಗಂಡದ್ದ್ ಯಾಕಂದ್ರೆ ಅವನಿಗೆ ಯಾವುದ್ ಯಾವುದೂಂತ ಕಾಣ್ಲಿಲ್ಲ. ಮುಟ್ಟಿ ಕಂಡ್ರೆ ಎಲ್ಲ ಒಂದೇ.”

ಇನ್ನು ಹೇಳುವುದು ಬೇಡ ಎನ್ನಬೇಕೆನಿಸಿತು ರಾಜೀವನಿಗೆ.

“ಅಣ್ಣಯ್ಯ ಯಾವಾಗ್ಲೂ ಡಬ್ಬಿ ಒಂದೇ ಸಾಲಂಗೆ ಇಡೂದ್. ನಾಗ ಸಾಲ್ ತಪ್ಸಿದ. ಕೈಯಂದಾಜಿಗೆ ಅಕ್ಷರ ಚಂದ ಬಂತ್, ಬಣ್ಣ ತಪ್ತ್. ತಪ್ಪಿದ್ದ್ ಬರೆದವ್ರಿಗೇ ಗೊತ್ತಾಯ್ಲಿಲ್ಲ.” ಕುಸುಮಳ ದನಿ ಇಳಿಯಿತು. “ಅಣ್ಣಯ್ಯ, ಡಾಕ್ಟ್ರು ಹೇಳಿದ ತಿಂಗ್ಳೆಲ್ಲ ಮುಗ್ದ್ ಹೋಯ್ತಲ್ದಾ?”

ಅಣ್ಣಯ್ಯ ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದ. ಕುಂಚಗಳ ಕೆಳಗೆ ನಾಲ್ಕೂ ಲಕೋಟೆಗಳಿದ್ದವು.

“ಬೆಳಕ್ ಬಿಟ್ರೆ ಎಂತದೂ ಕಾಂತಿಲ್ಲೆ,” ಎಂದ. “ಅಷ್ಟ್ ದೂರ ಹೋಯಿ, ಆ ಚಿತ್ರದ ಎದ್ರ್ ಕುರುಡನಾಯ್ ನಿಲ್ಲೂದಾ? ಇವ್ಳಿಗೆ ಗೊತ್ತಾತ್ತಂತ ಹೆದ್ರಿಕೆ ಆಯ್ತ್.”

ಗುಲಾಬಿ ಬಿಳಿ ಲಕೋಟೆಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

“ನಲ್ವತ್ತ್ ವರ್ಷ ನಿಮ್ ಬಣ್ಣ ಕಲ್ಸಿ ಕೊಟ್ಟದ್ ಯಾರ್? ಹೊರಡಿ. ರೈಲ್ ತಪ್ಪತ್ತ್.”

ಎಲ್ಲರನ್ನೂ, ಮನೆಯಲ್ಲಿದ್ದ ಕಟ್ಟುಗಳನ್ನೂ ಹತ್ತಿಸಿಕೊಂಡು ರಾಜೀವ ರಿಕ್ಷಾ ಓಡಿಸಿದ ರಭಸಕ್ಕೆ ಕಟ್ಟುಗಳೆಲ್ಲ ಹಾರಿ ಬೀಳುವುದರಲ್ಲಿದ್ದವು. ಬೈಂದೂರು ತಲುಪಿದಾಗ ರೈಲು ಆಗಲೇ ಪ್ಲಾಟ್‌ಫಾರಮ್ಮಿಗೆ ಬರುತ್ತಿತ್ತು. ಸದ್ದು ಬಂದತ್ತ ಅಣ್ಣಯ್ಯ ಮುಖ ತಿರುಗಿಸಿದ.

“ಯಾವ ಬಣ್ಣ?”

“ನೀಲಿ,” ಎಂದಳು ಗುಲಾಬಿ.

“ಯಾವ ನೀಲಿ?”

ಗುಲಾಬಿ ಬೋಗಿಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. “ನಮ್ ಮದಿ ವರ್ಷ ದುಗ್ಗಪ್ಪನ ದೋಣಿಗೆ ಕಲ್ಸಿದ್ ನೀಲಿ. ಬಿಳಿ ಒಂಚೂರ್ ಹೆಚ್ಚಾಯ್ತ್.”

“ಹ್ಞಾ,” ಎಂದು ಅಣ್ಣಯ್ಯ ನಕ್ಕ. “ಕಂಡೆ.”