ಕೊನೆಯ ಮೆಟ್ಟಿಲಿನ ಹಳದಿ ಚೂರು

ಮೊದಲ ಭಾನುವಾರ ಅವಳು ನನಗೆ ಹೇಳಿದ ಮೊದಲ ಮಾತೇ ಇದು: “ಚೀಲದ ಬಾಯಿ ತೆರೀರಿ, ನಿಮ್ಮ ಬಾಯಲ್ಲ.”

ನಾನು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದೆ. ತಪ್ಪೇನು ಹೇಳಿ? ಉಳಿದವರೆಲ್ಲ ಮೂಗು ಮುಚ್ಚಿಕೊಂಡು ನಿಂತಿದ್ದ ಕಾಲುವೆ ದಂಡೆಯಲ್ಲಿ, ಮೊಣಕೈವರೆಗೆ ಗ್ಲೌಸ್ ಏರಿಸಿಕೊಂಡು ಅವಳೊಬ್ಬಳೇ ಕಸದ ಗುಡ್ಡೆಗೆ ನುಗ್ಗಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ನಾನು ಅದೇ ಬೀದಿಯ ಟೈಲರ್, ಅಕ್ಕನ ಕಾಟ ತಾಳಲಾರದೆ ಬಂದವನು.

ಕಾಲುವೆ ಶುಚಿಮಾಡಲು ಈ ಗುಂಪು ಕಟ್ಟಿದ್ದವರು ನಿವೃತ್ತ ಹೆಡ್‌ಮೇಡಂ. ಇಬ್ಬರಿಗೊಂದು ಚೀಲ, ಒಬ್ಬರು ಹಿಡಿಯಬೇಕು, ಇನ್ನೊಬ್ಬರು ತುಂಬಬೇಕು. ಮೊದಲ ದಿನದ ಜೋಡಿಯೇ ಕೊನೆಯವರೆಗೆ. ಜೊತೆಗೊಂದು ಕಟ್ಟಪ್ಪಣೆ: ಇಲ್ಲಿ ಕಸ ಹಾಕಿ ಸಿಕ್ಕಿಬಿದ್ದವರು ಪ್ರತಿ ಭಾನುವಾರ ಬಂದು ದಂಡೆ ಗುಡಿಸಬೇಕು. ಮೇಡಂ ಎದುರು ಉಸಿರೆತ್ತುವವರು ಯಾರು!

ಎರಡನೇ ವಾರ ಕಸದಡಿಯಲ್ಲಿ ಕಲ್ಲಿನ ಮೆಟ್ಟಿಲೊಂದು ಕಾಣಿಸಿತು. ಅಲ್ಲಿ ಮೆಟ್ಟಿಲುಗಳಿವೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಗ್ಲೌಸ್ ಕಳಚಿ ಬರಿಗೈಯಲ್ಲಿ ಅದನ್ನು ಸವರಿದಳು.

“ನೋಡ್ರೀ, ಮಧ್ಯ ಹೇಗೆ ಸವೆದಿದೆ! ಎಷ್ಟು ಜನ ಇಳಿದಿರ್ಬೇಕು ಇಲ್ಲಿ...”

ಅವಳ ದನಿ ಪಿಸುಮಾತಾಗಿತ್ತು. ನನಗೆ ಮೈ ಜುಮ್ಮೆಂದಿತು. ಮೆಟ್ಟಿಲು ಕಂಡೋ, ಅವಳನ್ನು ಕಂಡೋ, ಇವತ್ತಿಗೂ ಹೇಳಲಾರೆ.

ಆಮೇಲೆ ವಾರಕ್ಕೊಂದೆರಡು ಮೆಟ್ಟಿಲು ಕೆಳಗಿಳಿದೆವು. ನಡುವೆ ಅವಳು ಅಂಗಡಿಗೆ ಬಂದು ಟಾಪ್ ಹೊಲಿಯಲು ಹಳದಿ ಬಟ್ಟೆ ಕೊಟ್ಟಳು. “ಕೆಲಸ ಮುಗಿಯೋ ದಿನ ಹಾಕ್ಕೋಬೇಕು.” ಅಳತೆ ತೆಗೆದುಕೊಂಡಿದ್ದು ಅಕ್ಕ, ಹೊಲಿದಿದ್ದು ನಾನು. ಗುಂಡಿ ಹಾಕಲೂ ಅಕ್ಕನಿಗೆ ಬಿಡಲಿಲ್ಲ. ಅಕ್ಕ ನನ್ನ ಮುಖ ನೋಡಿ ಮುಸಿಮುಸಿ ನಕ್ಕಳು.

ಆರನೇ ವಾರ ಮೇಡಂ ಹೇಳಿದರು: “ಇನ್ನೊಂದೇ ಮೆಟ್ಟಿಲು. ಮುಂದಿನ ವಾರಕ್ಕೆ ಮುಗೀತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಚೀಲದ ಬಾಯಿ ಕಟ್ಟುವ ನೆಪ ಮಾಡಿದೆ. ಕೆಲಸ ಮುಗಿದರೆ ಅವಳು ಲ್ಯಾಬಿಗೆ, ನಾನು ನನ್ನ ಹೊಲಿಗೆ ಮಿಷನ್ನಿಗೆ. ಮನಸ್ಸಿನ ಮಾತು ಹೇಳಿಬಿಡೋಣವೆಂದರೆ ನಾಲಿಗೆಯೇ ಏಳುತ್ತಿರಲಿಲ್ಲ.

ಏನು ಮಾಡಿದೆ ಎಂದರೆ ನಗಬೇಡಿ. ಕೊನೆಯ ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ, ಅಂಗಡಿಯ ಬಟ್ಟೆ ಚೂರುಗಳ ಮೂಟೆಯನ್ನು ಕೊನೆಯ ಮೆಟ್ಟಿಲಿನ ಮೇಲೆ ಸುರಿದು ಕೆಸರಿನಲ್ಲಿ ಕಲಸಿಬಿಟ್ಟೆ. ಇನ್ನೊಂದು ವಾರ ಸಿಕ್ಕರೆ ಧೈರ್ಯ ಬಂದೀತು ಎಂಬ ಆಸೆ.

ಅವಳು ಹೊಸ ಟಾಪ್ ಹಾಕಿಕೊಂಡು ಬಂದಳು. ಬಗ್ಗಿ ಒಂದು ಚೂರು ಎತ್ತಿದಳು. ಕೆಸರು ಒರೆಸಿ, ತನ್ನ ತೋಳಿನ ಪಕ್ಕಕ್ಕೆ ಹಿಡಿದಳು. ಅದೇ ಹಳದಿ.

ನಿಧಾನವಾಗಿ ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಇಂಗು ತಿಂದ ಮಂಗನಂತಾದೆ.

“ಆರು ವಾರದಿಂದ ಬೆನ್ನು ಬಿದ್ದುಹೋಗಿದೆ ರೀ ನಂಗೆ. ಯಾಕೆ ಹೀಗೆ ಮಾಡಿದ್ರಿ?”

ದನಿಯಲ್ಲಿ ನೋವಿತ್ತು. ತಮಾಷೆ ಮಾಡಿ ತಪ್ಪಿಸಿಕೊಳ್ಳುವಂತಿರಲಿಲ್ಲ.

“ಮುಗಿದುಹೋದ್ರೆ ನಿಮ್ಮನ್ನ ನೋಡೋದು ಹೇಗೆ ಅಂತ. ನೀವಂದ್ರೆ ನಂಗಿಷ್ಟ. ಮೊದಲ ದಿನದಿಂದ.”

“ಚೀಲ ಹಿಡೀರಿ,” ಎಂದಳಷ್ಟೇ.

ಒಂದೊಂದೇ ಚೂರು ಎತ್ತಿದಳು. ಕೆಳಗಿನ ಕೆಸರನ್ನು ಕೈಯಿಂದ ಬಾಚಿದಳು. ಕೊನೆಯ ಮೆಟ್ಟಿಲು ಕಂಡಿತು. ಕಸದ ತಡೆ ಹೋಗಿದ್ದೇ ನೀರು ಮೆಲ್ಲಗೆ ಅದರ ಮೇಲೆ ಹರಿದು ಬಂತು. ಮೊದಲು ಕಂದು ಬಣ್ಣ. ನೋಡನೋಡುತ್ತಿದ್ದಂತೆ ತಿಳಿಯಾಯಿತು. ಆ ತಿಳಿಯಲ್ಲಿ ಆಕಾಶ, ಅದರ ನಡುವೆ ಉಗುರಿನಷ್ಟೇ ಉದ್ದದ ಒಂದು ಮೀನು. ಮೇಡಂ ಸಮೇತ ಎಲ್ಲರೂ ಬಗ್ಗಿ ನೋಡಿದರು. ಇಷ್ಟು ವರ್ಷ ನಾವು ಎಸೆದಿದ್ದರ ಅಡಿಯಲ್ಲಿ ಈ ನೀರು ಹೇಗೆ ಬದುಕಿತ್ತೋ! ನನಗೆ ಕಣ್ಣು ತುಂಬಿ ಬಂತು.

“ಜೀವ ಇದೆ ರೀ!” ಎಂದು ಅವಳು ನನ್ನ ಮುಂಗೈ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಹಾಗೆಯೇ ತಲೆ ತಿರುಗಿಸಿ ಕೂಗಿದಳು:

“ಮೇಡಂ, ಕಸ ಹಾಕಿದವರು ಸಿಕ್ಕಿಬಿದ್ರು!”

“ಯಾರಮ್ಮ ಅದು?”

“ನಮ್ಮ ಟೈಲರ್.”

“ಪ್ರತಿ ಭಾನುವಾರ ಬಂದು ಗುಡಿಸ್ಲಿ,” ಎಂದರು ಮೇಡಂ, ಒಂದಿಷ್ಟೂ ಕರಗದೆ.

“ಎಷ್ಟು ದಿನ ಮೇಡಂ?” ಎಂದೆ.

ಉತ್ತರ ಬಂದಿದ್ದು ಅವಳಿಂದ. “ನಾನು ಸಾಕು ಅನ್ನೋವರೆಗೆ.”

“ಒಬ್ಬನೇನಾ?”

ಅವಳು ಚೀಲದ ಇನ್ನೊಂದು ತುದಿ ಕೈಗೆತ್ತಿಕೊಂಡಳು. ಕೆನ್ನೆಯ ಮೇಲೆ ಕೆಸರಿತ್ತು, ತುಟಿಯಂಚಿನಲ್ಲಿ ನಗುವಿತ್ತು.

“ಮೊದಲ ದಿನದ ಜೋಡಿಯೇ ಕೊನೆಯವರೆಗೆ. ಮೇಡಂ ಮಾತು ಮೀರೋಕಾಗುತ್ತಾ?”