ಒದ್ದೆ ಬಟ್ಟೆಯೊಳಗಿನ ಪುಟ್ಟಿ

"ಅಲುಗಾಡಬೇಡ ಅಂತ ಎಷ್ಟು ಸಲ ಹೇಳ್ಲೇ ನಿಂಗೆ?" ಅಕ್ಕ ಗದರಿದಳು.

"ನಾನೆಲ್ಲಿ ಅಲುಗಾಡ್ದೆ? ಮೂಗು ತುರಿಸ್ತಾ ಇದೆ ಅಷ್ಟೇ."

"ಹಾಗಾದ್ರೆ ಮೂಗಿಗೆ ಹೇಳು, ಸ್ವಲ್ಪ ಹೊತ್ತು ಸುಮ್ನಿರು ಅಂತ."

ಪುಟ್ಟಿ ಸ್ಟೂಲಿನ ಮೇಲೆ ಕಂಬದ ಹಾಗೆ ಕೂತಿದ್ದಳು. ಅವಳೆದುರು, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಇನ್ನೊಬ್ಬ ಪುಟ್ಟಿ ಇದ್ದಳು. ಆ ಪುಟ್ಟಿಗೆ ತಲೆ ಮತ್ತು ಕತ್ತು ಬಿಟ್ಟರೆ ಬೇರೇನೂ ಇರಲಿಲ್ಲ. ಜೇಡಿಮಣ್ಣಿನವಳಾದ್ದರಿಂದ ಮೂಗೂ ತುರಿಸುತ್ತಿರಲಿಲ್ಲ. ಪುಣ್ಯವಂತೆ!

ಅಕ್ಕ ಆರ್ಟ್ ಕಾಲೇಜಿನಲ್ಲಿ ಓದುತ್ತಿದ್ದಳು. ಮನೆಯವರಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಮಣ್ಣಿನಲ್ಲಿ ಅವರ ತಲೆ ಮಾಡಿ ತನ್ನಿ ಎಂದು ಅವಳ ಸರ್ ಹೇಳಿದ್ದರು. ಅಮ್ಮನಿಗೆ ಹೊಲಿಗೆ ಮೆಷಿನ್ ಬಿಟ್ಟು ಏಳಲು ಪುರುಸೊತ್ತಿಲ್ಲ. ಅಪ್ಪ ಕೂತಲ್ಲೇ ಗೊರಕೆ ಹೊಡೆಯುತ್ತಾರೆ. ಹಾಗಾಗಿ ಪುಟ್ಟಿಯೇ ಗತಿ. ಮನೆಯ ಹಿಂದೆ ಬಟ್ಟೆ ಒಗೆಯುವ ಜಾಗವೇ ಅಕ್ಕನ ಸ್ಟುಡಿಯೋ ಆಯಿತು. ಅಮ್ಮ ಬಕೆಟ್ ಹಿಡಿದು ಅತ್ತ ಬಂದಾಗಲೆಲ್ಲ, "ಸ್ಟುಡಿಯೋದೊಳಗೆ ಬರಬಹುದಾ ತಾಯೀ?" ಎಂದು ಕೇಳುತ್ತಿದ್ದರು.

ಅಕ್ಕನಿಗೆ ಆರ್ಟ್ ಹಿಸ್ಟರಿ ಪರೀಕ್ಷೆಯೂ ಹತ್ತಿರ ಬಂದಿತ್ತು. ಅದಕ್ಕೇ ಪುಟ್ಟಿಯ ತೊಡೆಯ ಮೇಲೆ ಒಂದು ದಪ್ಪ ಪುಸ್ತಕ. ಪುಟ್ಟಿ ಕತ್ತು ಬಗ್ಗಿಸದೆ, ಕಣ್ಣನ್ನು ಮಾತ್ರ ಕೆಳಗಿಳಿಸಿ ಪ್ರಶ್ನೆ ಕೇಳಬೇಕು. ಅಕ್ಕ ಮಣ್ಣು ತಿದ್ದುತ್ತಲೇ ಉತ್ತರ ಹೇಳುತ್ತಾಳೆ.

"ಹಳೇ ಕಲ್ಲಿನ ತಲೆ ಸಿಕ್ಕಿದೆ. ಅದರ ಮುಖಾನ ಆಮೇಲೆ ಯಾರೋ ತಿದ್ದಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?" ಪುಟ್ಟಿ ಟೀಚರಮ್ಮನ ದನಿಯಲ್ಲಿ ಕೇಳಿದಳು.

"ಕಿವಿ ಹಿಂದೆ ನೋಡ್ಬೇಕು," ಎಂದಳು ಅಕ್ಕ. "ತಿದ್ದೋರು ಮುಂದುಗಡೆ ನೀಟಾಗಿ ಮಾಡ್ತಾರೆ. ಹಿಂದೆ ಯಾರು ನೋಡ್ತಾರೆ ಅಂತ ಬಿಟ್ಟುಬಿಡ್ತಾರೆ. ಉಳಿಯ ಗುರುತು ಅಲ್ಲಿ ಸಿಗುತ್ತೆ."

"ಯಾಕೆ ತಿದ್ತಾರೆ?"

"ಹೊಸ ರಾಜ ಬಂದ್ರೆ ಹಳೇ ರಾಜನ ಮುಖ ಹಿಡಿಸಲ್ಲ. ಅದನ್ನೇ ಕೆತ್ತಿಸಿ ತನ್ನ ಮುಖ ಮಾಡಿಸ್ಕೋತಾನೆ. ಈಗ ಜಡೆ ಮೇಲಕ್ಕೆ ಎತ್ತಿ ಕಟ್ಟು. ಕಿವಿ ಕಾಣ್ಬೇಕು."

ಪುಟ್ಟಿಯ ಮುಖ ಸಪ್ಪೆಯಾಯಿತು.

ಅವಳ ಕಿವಿಗಳು ಇದ್ದದ್ದೇ ಹಾಗೆ. ತಲೆಗೆ ಒರಗಿಕೊಳ್ಳದೆ, ಯಾರೋ ಕರೆದ ಹಾಗೆ ಆಚೀಚೆ ಚಾಚಿಕೊಂಡಿದ್ದವು. ಕ್ಲಾಸಿನಲ್ಲಿ ಅವಳಿಗೆ 'ಡಿಶ್' ಎಂದು ಹೆಸರು. ಮಹಡಿಯ ಮೇಲಿನ ಡಿಶ್ ಆಂಟೆನಾ ಇರುತ್ತದಲ್ಲ, ಅದು. ಅದಕ್ಕೇ ಅವಳು ಯಾವಾಗಲೂ ಕೂದಲನ್ನು ಕಿವಿ ಮುಚ್ಚುವಂತೆ ಬಾಚಿಕೊಳ್ಳುತ್ತಿದ್ದಳು. ಆದರೆ ಅಕ್ಕನೆದುರು ಕೂತಾಗ ಮಾತ್ರ ಮುಚ್ಚುವಂತಿರಲಿಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ಆ ಕಿವಿಗಳನ್ನೇ ನೋಡುತ್ತಿದ್ದಳು, ಎಡಕ್ಕೆ ಬಂದು ನೋಡುತ್ತಿದ್ದಳು, ಬಲಕ್ಕೆ ಹೋಗಿ ನೋಡುತ್ತಿದ್ದಳು. ಮಾಡಿದ್ದನ್ನು ಕಿತ್ತು ಮತ್ತೆ ಮಾಡುತ್ತಿದ್ದಳು. ಕಣ್ಣು, ಮೂಗು, ಬಾಯಿ ಎಲ್ಲ ಮುಗಿದ ಮೇಲೂ ಕಿವಿ ಮುಗಿಯಲಿಲ್ಲ.

ಕೊನೆಗೊಂದು ಸಂಜೆ ಅಕ್ಕ ಕೈ ತೊಳೆದುಕೊಂಡು, "ಆಯ್ತು," ಎಂದಳು. ಒದ್ದೆ ಬಟ್ಟೆಯನ್ನು ತಲೆಗೆ ಮೆತ್ತಗೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದಳು.

"ನಾಳೆಯಿಂದ ನಂಗೆ ಪರೀಕ್ಷೆ. ಬೆಳಿಗ್ಗೆ ಸಂಜೆ ಈ ಬಟ್ಟೆಗೆ ನೀರು ಸ್ಪ್ರೇ ಮಾಡೋ ಕೆಲ್ಸ ನಿಂದು. ಒಣಗಿದ್ರೆ ಬಿರುಕು ಬಿಡುತ್ತೆ. ಬಟ್ಟೆ ಮಾತ್ರ ಬಿಚ್ಚಬೇಡ."

"ನೀನೂ ನೋಡಲ್ವಾ?"

"ನೋಡಿದ್ರೆ ಕೈ ಸುಮ್ನಿರಲ್ಲ, ಮತ್ತೆ ತಿದ್ದೋಣ ಅನ್ಸುತ್ತೆ. ಸೀದಾ ಕಾಲೇಜಲ್ಲೇ ಬಿಚ್ಚೋದು. ಸರ್ ಆರಿಸಿದ್ರೆ ಪ್ಲಾಸ್ಟರಲ್ಲಿ ಅಚ್ಚು ತೆಗೀತಾರೆ. ಆಮೇಲೆ ಎಕ್ಸಿಬಿಷನ್‌ಗೆ ಇಡ್ತಾರೆ, ಕಾಲೇಜಲ್ಲೇ ಉಳಿಯುತ್ತೆ. ಆರಿಸದೆ ಇದ್ರೆ ಮಣ್ಣು ವಾಪಸ್ ತೊಟ್ಟಿಗೆ. ಹಾಗಾಗ್ಬಾರ್ದು ಕಣೇ. ಇಷ್ಟು ಚೆನ್ನಾಗಿ ನಾನು ಇನ್ನೇನೂ ಮಾಡಿಲ್ಲ."

ಪುಟ್ಟಿ ಸ್ಪ್ರೇ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸಿದಳು. ಇಷ್ಟು ದೊಡ್ಡ ಕೆಲಸವನ್ನು ಅಕ್ಕ ಅವಳಿಗೆ ಯಾವತ್ತೂ ವಹಿಸಿರಲಿಲ್ಲ.

ಮರುದಿನ ಸ್ಕೂಲಿನಲ್ಲಿ ಅವಳಿಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. "ನಮ್ಮಕ್ಕ ನನ್ನ ತಲೆ ಮಾಡಿದ್ದಾಳೆ. ಎಕ್ಸಿಬಿಷನ್‌ಗೆ ಇಡ್ತಾರೆ," ಎಂದು ಹೇಳಿಯೇಬಿಟ್ಟಳು.

ಪಕ್ಕದ ಬೆಂಚಿನ ಗುಂಡ ಕೂಡಲೇ ತಿರುಗಿದ. "ಕಿವೀನೂ ಮಾಡಿದ್ದಾಳಾ? ಮಣ್ಣು ಸಾಕಾಯ್ತಾ?"

ಎಲ್ಲರೂ ಗೊಳ್ಳೆಂದು ನಕ್ಕರು.

"ನಾವೆಲ್ಲ ಬರ್ತೀವಿ ನೋಡಕ್ಕೆ!" ಎಂದ ಗುಂಡ. "ಎಕ್ಸಿಬಿಷನಲ್ಲಿ ಡಿಶ್ ಇಡೋದು ಇದೇ ಫಸ್ಟ್!"

ಆ ಸಂಜೆ ಪುಟ್ಟಿ ಮನೆಗೆ ಬಂದವಳು ಬ್ಯಾಗನ್ನು ಮೂಲೆಗೆ ಎಸೆದು ಸೀದಾ ಹಿಂದಕ್ಕೆ ಹೋದಳು. ಒಳಗಡೆ ಅಮ್ಮನ ಮೆಷಿನ್ ಕಟಕಟ ಓಡುತ್ತಿತ್ತು. ಅವಳು ಪ್ಲಾಸ್ಟಿಕ್ ಕವರ್ ತೆಗೆದಳು. ಆಮೇಲೆ ಬಟ್ಟೆಗೆ ನೀರು ಸ್ಪ್ರೇ ಮಾಡಿದಳು. ಆಮೇಲೆ, ಸುಮ್ಮನೆ ನೋಡೋಣ ಎಂದುಕೊಂಡು, ಬಟ್ಟೆಯನ್ನೂ ಬಿಚ್ಚಿದಳು.

ಕಿವಿಗಳು ಎರಡೂ ಕಡೆ ಹಾಗೇ ಚಾಚಿಕೊಂಡಿದ್ದವು. ಅವುಗಳ ಮಡಿಕೆ, ತಿರುವು, ಕೆಳಗಿನ ಪುಟ್ಟ ಹಾಲೆ, ಎಲ್ಲವನ್ನೂ ಅಕ್ಕ ಇದ್ದದ್ದು ಇದ್ದ ಹಾಗೇ ಮಾಡಿದ್ದಳು. ಪುಟ್ಟಿಗೆ ಗುಂಡನ ನಗು ಮತ್ತೆ ಕೇಳಿಸಿದಂತಾಯಿತು.

ಅವಳು ಬಲಗಿವಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಮಣ್ಣು ಹೇಳಿದ ಮಾತು ಕೇಳಿತು. ಇನ್ನೊಂದಿಷ್ಟು ಒತ್ತಿದಳು. ಅಂಚಿನಿಂದ ಚೂರು ಚಿವುಟಿದಳು. ಎಡಗಿವಿಗೂ ಹಾಗೇ ಮಾಡಿದಳು. ಅಕ್ಕನಂತೆಯೇ ಒದ್ದೆ ಬೆರಳಿನಿಂದ ಸವರಿ ನುಣ್ಣಗೆ ಮಾಡಿದಳು. ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು. ಕಿವಿಗಳು ಜಾಣ ಮಕ್ಕಳಂತೆ ತಲೆಗೆ ಒರಗಿ ಕೂತಿದ್ದವು. ಪುಟ್ಟಿಗೆ ಖುಷಿಯಾಯಿತು. ಅಕ್ಕನಿಗೂ ಹಿಡಿಸಬಹುದು ಎಂದೇ ಅನಿಸಿತು.

ಬಟ್ಟೆ ಸುತ್ತಿದಳು, ಕವರ್ ಹಾಕಿದಳು. ಆಮೇಲೂ ಬೆಳಿಗ್ಗೆ ಸಂಜೆ ಒಂದು ಹೊತ್ತೂ ತಪ್ಪಿಸದೆ ನೀರು ಸ್ಪ್ರೇ ಮಾಡಿದಳು.

ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಅಕ್ಕ ಅವಳನ್ನು ಎಬ್ಬಿಸಿದಳು. "ಏಳೇ, ಬೇಗ ಸ್ನಾನ ಮಾಡು. ಜಡೆ ಎತ್ತಿ ಕಟ್ಕೋ. ನೀನೂ ಕಾಲೇಜಿಗೆ ಬರ್ಬೇಕು."

"ನಾನ್ಯಾಕೆ?"

"ಮಾಡಿದ ತಲೆ ಪಕ್ಕದಲ್ಲೇ ಆ ಮನುಷ್ಯರೂ ಕೂರ್ಬೇಕು. ಸರ್ ಇಬ್ರನ್ನೂ ನೋಡಿ ಮಾರ್ಕ್ಸ್ ಹಾಕ್ತಾರೆ. ಹೇಳಿರ್ಲಿಲ್ವಾ?"

ಆಟೋದಲ್ಲಿ ಅಕ್ಕ ಆ ತಲೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ "ನಿಧಾನ ಅಣ್ಣಾ, ನಿಧಾನ" ಎನ್ನುತ್ತಿದ್ದಳು. ಈಗ ಹೇಳಿಬಿಡೋಣ ಎಂದು ಪುಟ್ಟಿ ಬಾಯಿ ತೆರೆದಳು. ಅಕ್ಕ ಅವಳನ್ನು ನೋಡಿ ನಕ್ಕಳು. "ಹೆದರಿಕೆನಾ? ನಂಗೂ," ಎಂದಳು. ಪುಟ್ಟಿ ಬಾಯಿ ಮುಚ್ಚಿದಳು.

ಕಾಲೇಜಿನ ದೊಡ್ಡ ಹಾಲಿನಲ್ಲಿ ಸಾಲಾಗಿ ಸ್ಟ್ಯಾಂಡುಗಳಿದ್ದವು. ಪ್ರತಿ ತಲೆಯ ಪಕ್ಕದಲ್ಲೂ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರು. ಯಾರದೋ ಅಜ್ಜ ಆಗಲೇ ತೂಕಡಿಸುತ್ತಿದ್ದರು. ಯಾರದೋ ಚಿಕ್ಕಮ್ಮ, "ನನ್ನ ಗಲ್ಲ ಇಷ್ಟು ದಪ್ಪ ಇದೆಯೇನೋ?" ಎಂದು ಜಗಳಕ್ಕೇ ನಿಂತಿದ್ದರು. ಬೇರೆ ದಿನವಾಗಿದ್ದರೆ ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಲ್ರೂ ಬಿಚ್ಚಿ," ಎಂದರು ಸರ್. ಅವರ ಅಂಗಿಯ ತೋಳಿಗೆಲ್ಲ ಒಣಗಿದ ಪ್ಲಾಸ್ಟರ್ ಅಂಟಿತ್ತು. "ಬಿಚ್ಚಿದ ಮೇಲೆ ಯಾರೂ ಕೈ ಹಚ್ಚೋ ಹಾಗಿಲ್ಲ."

ಅಕ್ಕ ಬಟ್ಟೆ ಬಿಚ್ಚಿದಳು. ಅವಳ ಕೈ ಹಾಗೇ ನಿಂತಿತು.

ಸರ್ ಒಂದೊಂದೇ ತಲೆ ನೋಡುತ್ತ ಇವರ ಹತ್ತಿರ ಬಂದರು. ಮಣ್ಣಿನ ಪುಟ್ಟಿಯನ್ನು ನೋಡಿದರು. ಕುರ್ಚಿಯ ಪುಟ್ಟಿಯನ್ನು ನೋಡಿದರು. ಮತ್ತೆ ಮಣ್ಣಿನ ಪುಟ್ಟಿಯನ್ನು ನೋಡಿದರು. ಜಡೆ ಎತ್ತಿ ಕಟ್ಟಿದ್ದರಿಂದ ಪುಟ್ಟಿಯ ಕಿವಿಗಳಿಗೆ ಅಡಗಲು ಜಾಗವೇ ಇರಲಿಲ್ಲ. ಅವು ಬಿಸಿಯಾಗಿ ಕೆಂಪಾದವು.

"ಬಾಯಿ ಎಷ್ಟು ಚೆನ್ನಾಗಿ ಬಂದಿದೆ! ಈಗ್ಲೋ ಆಗ್ಲೋ ಏನೋ ಹೇಳೋ ಹಾಗಿದೆ," ಎಂದರು ಸರ್. "ಆದ್ರೆ ಕಿವಿಗೆ ಯಾಕಮ್ಮ ಹೆದರ್ಕೊಂಡೆ? ಹುಡುಗಿ ಎದುರಿಗೇ ಇದ್ಲಲ್ಲ. ಚೆಂದ ಕಾಣ್ಲಿ ಅಂತ ಸುಳ್ಳು ಮಾಡಿದೀಯ."

ಅಕ್ಕ ಮೆಲ್ಲಗೆ ಸ್ಟ್ಯಾಂಡಿನ ಹಿಂದಕ್ಕೆ ಹೋದಳು. ಬಗ್ಗಿ ಆ ಕಿವಿಯ ಹಿಂದೆ ನೋಡಿದಳು. ಪುಟ್ಟಿಗೆ ಆಗ ನೆನಪಾಯಿತು. ಮುಂದುಗಡೆಯಷ್ಟೇ ಅವಳು ಸವರಿದ್ದಳು. ಹಿಂದೆ ಅವಳ ಸಣ್ಣ ಸಣ್ಣ ಬೆರಳಿನ ಗುರುತುಗಳು ಹಾಗೇ ಇದ್ದವು.

ಅಕ್ಕ ತಲೆ ಎತ್ತಿ ಪುಟ್ಟಿಯನ್ನು ನೋಡಿದಳು.

"ನನ್ನ ತಪ್ಪು ಸರ್," ಎಂದಳು ಅಕ್ಕ. "ಕೊನೇಲಿ ಇನ್ನೊಂದ್ಸಲ ನೋಡ್ಬೇಕಿತ್ತು. ನೋಡ್ಲಿಲ್ಲ."

ಸರ್ ಮುಂದಿನ ಸ್ಟ್ಯಾಂಡಿಗೆ ಹೋದರು. ಅಚ್ಚು ತೆಗೆಯಲು ಅವರು ಆರಿಸಿದ್ದು, ತೂಕಡಿಸುತ್ತಿದ್ದ ಅಜ್ಜನ ತಲೆ ಮತ್ತು ಜಗಳದ ಚಿಕ್ಕಮ್ಮನ ತಲೆ.

ಉಳಿದ ತಲೆಗಳು ತೊಟ್ಟಿಗೆ ಹೋದವು. ತೊಟ್ಟಿ ಹಾಲಿನ ಹಿಂದೆ ಇತ್ತು, ಅದರ ತುಂಬ ಕೆಸರಿನಂಥ ನೀರು. ಅಕ್ಕ ತಂತಿಯಿಂದ ಮಣ್ಣನ್ನು ತುಂಡು ತುಂಡಾಗಿ ಕೊಯ್ದು ಅದರೊಳಗೆ ಹಾಕಿದಳು. ಹಣೆ ಹೋಯಿತು. ಏನೋ ಹೇಳುವ ಹಾಗಿದ್ದ ಬಾಯಿಯೂ ಹೋಯಿತು. ಪುಟ್ಟಿ ಗೋಡೆ ಹಿಡಿದುಕೊಂಡು ನಿಂತಿದ್ದಳು, ತಿರುಗಿ ನಿಲ್ಲಲೂ ಅವಳಿಗೆ ಧೈರ್ಯವಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅರ್ಧ ದಾರಿ ಕಳೆಯಿತು.

"ಅಕ್ಕಾ, ನಾನೇ ಮಾಡಿದ್ದು," ಎಂದಳು ಪುಟ್ಟಿ ಕೊನೆಗೆ.

"ಗೊತ್ತು."

"ಮತ್ತೆ ಸರ್‌ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು. ಅಷ್ಟು ಜನರ ಮುಂದೆ ನಿನ್ನ ಕಿವಿ ವಿಷ್ಯ ಆಗ್ತಿತ್ತು. ನಂಗದು ಬೇಡ ಅನ್ನಿಸ್ತು."

ಪುಟ್ಟಿ ಅಳತೊಡಗಿದಳು. "ಮತ್ತೆ ಮಾಡಣ ಅಕ್ಕ. ನಾನು ಮೂಗೂ ತುರಿಸ್ಕೊಳ್ಳಲ್ಲ. ಪ್ರಾಮಿಸ್."

"ಈಗ ಏನೂ ಮಾತಾಡ್ಬೇಡ ಪುಟ್ಟಿ," ಎಂದಳು ಅಕ್ಕ. ಅವಳ ದನಿ ಗದರುವಂತಿರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು ಅನಿಸಿತು ಪುಟ್ಟಿಗೆ.

ಮನೆಗೆ ಬಂದ ಮೇಲೆ ಅಕ್ಕ ಊಟ ಬೇಡವೆಂದು ಮಲಗಿದಳು. ಅಮ್ಮ ಮೆಷಿನ್ ನಿಲ್ಲಿಸಿ, "ಏನಾಯ್ತೇ?" ಎಂದು ಕೇಳಿದರು. ಪುಟ್ಟಿ ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬೆರಳಿಗೆ ಸುತ್ತಿಕೊಂಡ ದಾರವನ್ನು ನೋಡುತ್ತ ಕೂತುಬಿಟ್ಟರು.

ಸಂಜೆಯಾಯಿತು. ಪುಟ್ಟಿ ಎದ್ದು ಸ್ಪ್ರೇ ಬಾಟಲಿಗೆ ನೀರು ತುಂಬಿಸಿದಳು. ದಿನವೂ ಮಾಡುವಂತೆ ಹಿಂದಕ್ಕೆ ಹೋದಳು. ಕಬ್ಬಿಣದ ಸ್ಟ್ಯಾಂಡ್ ಖಾಲಿ ನಿಂತಿತ್ತು. ಅದರ ಮೇಲೆ, ಕಾಲೇಜಿನಿಂದ ವಾಪಸ್ ತಂದು ಅಕ್ಕ ಮಡಿಸಿಟ್ಟ ಬಟ್ಟೆ ಆಗಲೇ ಒಣಗುತ್ತಿತ್ತು.

ಅವಳು ತನ್ನ ಸ್ಟೂಲಿನ ಮೇಲೆ ಕೂತಳು. ಇಲ್ಲೇ ಕೂರಿಸಿಕೊಂಡು ಅಕ್ಕ ಅಷ್ಟೊಂದು ದಿನ ಅವಳ ಕಿವಿಗಳನ್ನು ನೋಡಿದ್ದಳು. ಅವುಗಳನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಕನ್ನಡಿಯೆದುರು ಪುಟ್ಟಿಯೂ ನೋಡಿರಲಿಲ್ಲ. ಒಂದು ಸಲವಾದರೂ ಅಕ್ಕ ನಕ್ಕದ್ದುಂಟಾ ಎಂದು ಪುಟ್ಟಿ ನೆನಪು ಮಾಡಿಕೊಂಡಳು. ನಕ್ಕಿರಲಿಲ್ಲ. ಚೆನ್ನಾಗಿ ಬರಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಮಾಡಿಕೊಂಡು ಕಿತ್ತು ಹಾಕುತ್ತಿದ್ದಳು, ಮತ್ತೆ ಮಾಡುತ್ತಿದ್ದಳು, ಅಷ್ಟೇ.

ಪುಟ್ಟಿ ಬಾಟಲಿಯನ್ನು ಸ್ಟ್ಯಾಂಡಿನ ಕಡೆ ಹಿಡಿದು, ಒಣಗುತ್ತಿದ್ದ ಬಟ್ಟೆಗೆ ನೀರು ಸ್ಪ್ರೇ ಮಾಡಿದಳು. ಅದು ಪೂರ್ತಿ ಒದ್ದೆಯಾಗುವವರೆಗೂ ಮಾಡುತ್ತಲೇ ಇದ್ದಳು.