ರಾರಾವಿ ಜೀಪು ಕುದ್ದ ಮಧ್ಯಾಹ್ನ

ಜೀಪು ಸತ್ತು ನಿಂತಿತ್ತು.

ಕುರುಗೋಡು ಇನ್ನೇನು ಬಂತು ಎನ್ನುವಲ್ಲಿ, ಭತ್ತದ ಗದ್ದೆಗಳ ನಡುವೆ, ಬೇವಿನ ಮರದ ಕೆಳಗೆ. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಮೆಲ್ಲಗೆ ಏಳುತ್ತಿತ್ತು. ಬಿಸಿಲಿಗೆ ದೂರದ ಕಲ್ಲುಗುಡ್ಡಗಳು ನೀರಿನೊಳಗಿದ್ದಂತೆ ಅಲುಗಾಡುತ್ತಿದ್ದವು. ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಊಟದ ಮೇಲಿನ ಮಂಪರು. ಎಲ್ಲವೂ ಕನಸಿನಂತಿತ್ತು, ಜಗಳವೊಂದನ್ನು ಬಿಟ್ಟು.

"ಬೇಕಂತ್ಲೇ ಎಂಜಿನ್ ಕೊಂದಾನ ಮೇಡಂ! ಬರಕೊಳ್ರಿ ಕೇಸು!"

ಕೂಗುತ್ತಿದ್ದವನು ಹೊನ್ನೂರಪ್ಪ. ಜೀಪಿನ ಒಡೆಯ, ರಾರಾವಿ ಊರಿನ ಗೌಡ, ದೊಡ್ಡ ರೈತ. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವನು ಡ್ರೈವರ್ ಪರಶು.

"ಯಾಕೆ ಕೊಲ್ತಾನೆ?"

"ಕೆಲಸ ಬಿಟ್ಟು ಹೊಂಟಾನಲ್ರೀ. ಅಗ್ನಿಶಾಮಕ ದಳದಾಗ ಡ್ರೈವರ್ ನೌಕರಿ ಆಗೈತಿ. ಹೋಗಾಕಿಂತ ಮೊದ್ಲು ನನ್ನ ಮ್ಯಾಲೆ ಸಿಟ್ಟು ತೀರಿಸ್ಕೊಂಡಾನ."

ಪರಶು ಮೊದಲ ಸಲ ಬಾಯಿ ಬಿಟ್ಟ. "ಮೇಡಂ, ಸೋಮವಾರ ಬಳ್ಳಾರಿಯಾಗ ಹಾಜರಾಗ್ಬೇಕು. ಕೇಸ್ ಬಿದ್ರ ನೌಕರಿ ಹೋತು. ಅಷ್ಟೂ ತಿಳೀದೇನು ನನಗ?"

ಅಂದು ಶನಿವಾರ. ಜ್ಯೋತಿಲಕ್ಷ್ಮಿಗೆ ಎಚ್ಚರವಾಯಿತು.

* * *

ಜೀಪನ್ನು ಕುರುಗೋಡು ಠಾಣೆಗೆ ಎಳೆದು ತಂದರು. ಎಲ್ಲರಿಗೂ ಚಹಾ ಬಂತು. ಹೊನ್ನೂರಪ್ಪ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ. ಅಂಥಾ ಬಿಸಿಲಿನಲ್ಲೂ ಅವನ ಹೆಗಲ ಮೇಲೆ ಟವೆಲ್ ಇರಲಿಲ್ಲ. ಹೆಗಲು ಬರಿದು ಮಾಡಿಕೊಂಡು ಊರು ಬಿಟ್ಟು ಬರುವ ಯಜಮಾನನನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಜ್ಯೋತಿಲಕ್ಷ್ಮಿ ನೋಡಿದಳು. ಸಿಟ್ಟಿನಲ್ಲಿರುವವರು ಏನೇನೋ ಮರೆಯುತ್ತಾರೆ.

ಮೆಕ್ಯಾನಿಕ್ ಬಂದ. ಹೆಸರು ಮೂಕಪ್ಪ, ಬಾಯಿ ಮಾತ್ರ ಸಂತೆ. ಜ್ಯೋತಿಲಕ್ಷ್ಮಿ ತೋಳು ಮಡಚಿ ತಾನೂ ನಿಂತಳು. ಪೊಲೀಸ್ ಆಗುವ ಮೊದಲು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಡೀಸೆಲ್ ಎಂಜಿನ್ ಎಂದರೆ ಅವಳಿಗೆ ಇವತ್ತಿಗೂ ಪ್ರಾಣ.

"ಫ್ಯಾನ್ ಬೆಲ್ಟು?"

"ಬಿಗಿ ಐತ್ರಿ."

"ರೇಡಿಯೇಟರ್ ಜಾಳಿಗೆ?"

"ಭತ್ತದ ಹೊಟ್ಟು ಕುಂತೈತಿ. ಗಾಳಿ ಆಡಲ್ಲ. ಇದಾ ಕಾರಣ ನೋಡ್ರಿ!"

"ಸುಗ್ಗಿಯಲ್ಲಿ ಎಲ್ಲ ಗಾಡಿಗೂ ಇಷ್ಟು ಕೂತಿರುತ್ತೆ. ಎಂಜಿನ್ ಜಾಮ್ ಆಗಲ್ಲ. ಬಿಸಿ ನೋಡಿ ನೀರು ಬಿಡೋ ಥರ್ಮೋಸ್ಟಾಟ್ ಸಿಕ್ಕಿಕೊಂಡಿತ್ತಾ?"

"ಎಲ್ಲೀದು? ಹಳೇ ಗಾಡೀಗೆ ಅದನ್ನ ಇಟ್ಟವ್ರ್ಯಾರು? ಯಾವಾಗೋ ಕಿತ್ತು ಒಗದಾರ."

ಎಂಜಿನ್ ಈಗ ಆರಿತ್ತು. ಜೀಪು ನಿಂತಾಗಿನಿಂದ ಯಾರೂ ಬಾನೆಟ್ ಎತ್ತಿರಲಿಲ್ಲ. ಮೂಕಪ್ಪ ರೇಡಿಯೇಟರಿನ ಮುಚ್ಚಳ ತಿರುವಿದ. ಒಳಗೆ ಹಳದಿ ನೀರು.

"ಅರಿಶಿನ!" ಎಂದು ಕುಣಿದ. "ಡ್ರೈವರ್ ಕೆಲಸಾನ ಇದು!"

ಪರಶು ಒಪ್ಪಿಕೊಂಡ. "ಹೋದ ವಾರ ಸಣ್ಣ ತೂತು ಬಿದ್ದಿತ್ತು. ಅದನ್ನ ಮುಚ್ಚಾಕ ನೀರಿಗೆ ಚಿಟಿಗಿ ಅರಿಶಿನ ಹಾಕಿದ್ದೆ. ಎಲ್ಲಾ ಡ್ರೈವರೂ ಹಾಕ್ತಾರ್ರೀ."

"ಕೇಳಿದ್ರೇನು? ಅವನ ಬಾಯಿಂದಾನ ಬಂತು," ಎಂದ ಹೊನ್ನೂರಪ್ಪ.

ಜ್ಯೋತಿಲಕ್ಷ್ಮಿ ರೇಡಿಯೇಟರಿನ ತಳದ ಕೊಳಾಯಿ ತಿರುವಿದಳು. ಒಂದು ಹನಿಯೂ ಇಳಿಯಲಿಲ್ಲ. ಕೆಳಗಿನ ರಬ್ಬರ್ ಪೈಪ್ ಕಿತ್ತರೆ, ದಪ್ಪನೆಯ ಅಂಟು ಮುದ್ದೆಯೊಂದು ಜಾರಿ ನೆಲಕ್ಕೆ ಬಿತ್ತು. ಅವಳು ಬೆರಳಲ್ಲಿ ತಿಕ್ಕಿ ಮೂಸಿದಳು.

"ಗಂಜಿ. ಯಾರೋ ಅಕ್ಕಿ ಹಿಟ್ಟು ಸುರಿದಿದ್ದಾರೆ. ಎಂಜಿನ್ ಕಾವಿಗೆ ಬೆಂದು ದಾರಿ ಕಟ್ಟಿದೆ."

* * *

ಭಾನುವಾರ ಅವಳು ಪರಶುವನ್ನು ಠಾಣೆಯ ವಾಹನದಲ್ಲಿ ಕೂರಿಸಿಕೊಂಡು ರಾರಾವಿಗೆ ಹೊರಟಳು. ಕಾಲುವೆಯ ಗುಂಟ ಬೆಳ್ಳಕ್ಕಿಗಳು ನಿದ್ದೆಗಣ್ಣಲ್ಲಿ ನಿಂತಿದ್ದವು. ಗಾಳಿಗೆ ಭತ್ತದ ತೆನೆ ಒಮ್ಮೆ ಅತ್ತ, ಒಮ್ಮೆ ಇತ್ತ.

"ನಿನ್ನೆ ಜೀಪು ಎಲ್ಲಿವರೆಗೆ ಚೆನ್ನಾಗಿತ್ತು?"

"ಸಿರುಗುಪ್ಪದ ತನಕ ಏನೂ ತೊಂದ್ರಿ ಇಲ್ಲ. ಅಲ್ಲಿ ಜೀಪು ನಿಲ್ಸಿ, ನಮ್ಮ ಸೋದರತ್ತಿ ಮನೀಗೆ ಹೇಳಿ ಬರಾಕ ಹೋಗಿದ್ದೆ. ಗೌಡ್ರು ಜೀಪಿನಾಗ ಕುಂತಿದ್ರು."

"ಅವರು ಹೋಟೆಲಿಗೆ ಹೋಗಿದ್ದೆ ಅಂತಾರೆ. ಜೀಪು ನಿನ್ನ ಕೈಲಿತ್ತಂತೆ."

ಪರಶು ಕಾಲುವೆಯ ಕಡೆ ತಿರುಗಿದ. ಗೌಡರನ್ನು ಸುಳ್ಳ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮೀಸೆ ಮೂಡುವ ಮೊದಲೇ ಅವನ ಕೈಗೆ ಸ್ಟೇರಿಂಗ್ ಕೊಟ್ಟು ಕಲಿಸಿದ ಮನುಷ್ಯ ಅದು.

"ಎಂಜಿನ್ ಕಾಯೋದು ಗೊತ್ತಾಗಲಿಲ್ವಾ?"

"ಬಿಸಿ ತೋರ್ಸೋ ಮುಳ್ಳು ಕೆಟ್ಟು ಎಷ್ಟೋ ದಿನ ಆತ್ರಿ. ವಾಸನಿ ಮ್ಯಾಲೆ ತಿಳ್ಕೊಂತೀನಿ. ನಿನ್ನೆ ಗಾಳಿ ಹಿಂದ್ಲಿಂದ ಇತ್ತು, ವಾಸನಿ ಮುಂದಕ್ಕ ಹೋತು. ಗೌಡ್ರು ಬ್ಯಾರೆ ಹೊಡೀಲೇ, ಹೊಡೀಲೇ ಅಂತಿದ್ರು."

* * *

ಹೊನ್ನೂರಪ್ಪನ ಅಂಗಳದಲ್ಲಿ ಅವನ ಹೆಂಡತಿ ಚನ್ನಬಸಮ್ಮ ಬಟ್ಟೆ ಒಗೆಯುತ್ತಿದ್ದಳು. ಪರಶುವನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು.

"ಬಾ ಯಪ್ಪಾ. ಉಂಡಿಯೋ ಇಲ್ಲೋ? ಬರ್ರಿ ಮೇಡಂ. ನಮ್ಮ ಮಗಳು ಮೀನಾ ಬಳ್ಳಾರಿಯಾಗ ಅದಾಳ. ಅಕೀಗಿ ಅಂತ, ನಿನ್ನೆ ಬಳ್ಳಾರಿಗೆ ಹೊಂಟಿದ್ದ ನಮ್ಮ ಮನಿಯವ್ರ ಕೈಯಾಗ ಅಕ್ಕಿ ಹಿಟ್ಟು ಕಳಿಸಿದ್ದೆ. ಅದೂ ಅಕೀಗಿ ಮುಟ್ಲಿಲ್ಲ, ಚೀಲಾನೂ ವಾಪಸ್ ಬರ್ಲಿಲ್ಲ. ಈಗ ಈ ಟವೆಲ್ ನೋಡ್ರಿ! ಹಳದಿ ಕಲಿ ಇತ್ತು. ತುದಿಯೆಲ್ಲ ಗಂಜಿ ಹಾಕಿದಂಗ ಬಿರುಸು. ಸಬಕಾರ ತಿಕ್ಕಿದ್ರ ರಗತದಂಗ ಕೆಂಪಾತು!"

ಜ್ಯೋತಿಲಕ್ಷ್ಮಿ ಕಲ್ಲಿನ ಬಳಿ ಕುಳಿತಳು. ಬಿಳಿ ನೊರೆಯ ನಡುವೆ ಕೆಂಪು ಅರಳುತ್ತಿತ್ತು, ಆರತಿ ತಟ್ಟೆಯ ನೀರಿನಂತೆ.

"ಅಮ್ಮಾ, ಆರತಿ ನೀರು ಹೇಗೆ ಮಾಡ್ತೀರಿ?"

"ಅರಿಶಿನಕ್ಕ ಸುಣ್ಣ ಹಾಕಿದ್ರ ಆತು, ಕೆಂಪ..." ಚನ್ನಬಸಮ್ಮನ ಕೈ ನಿಂತಿತು.

"ಸೋಪೂ ಸುಣ್ಣದ ಕೆಲಸವನ್ನೇ ಮಾಡುತ್ತೆ. ಇದು ಅರಿಶಿನದ ಕಲೆ."

ಹೊನ್ನೂರಪ್ಪ ಬಾಗಿಲಲ್ಲಿ ನಿಂತಿದ್ದ. ಬಲಗೈ ಪಂಚೆಯ ಮಡಿಕೆಯಲ್ಲಿ.

"ಗೌಡ್ರೇ, ಕೈ ತೋರಿಸ್ರಿ."

ಅವನು ತೋರಿಸಲಿಲ್ಲ. ಚನ್ನಬಸಮ್ಮನೇ ಎದ್ದು ಹೋಗಿ ಎಳೆದಳು. ಅಂಗೈ ತುಂಬ ಬೊಬ್ಬೆ.

ಜ್ಯೋತಿಲಕ್ಷ್ಮಿ ಮೆಲ್ಲಗೆ ಹೇಳಿದಳು: "ರಾರಾವಿಯಲ್ಲೇ ಹಿಟ್ಟು ಹಾಕಿದ್ದರೆ ಜೀಪು ಕುರುಗೋಡಿನ ತನಕ ಬರುತ್ತಿರಲಿಲ್ಲ. ನಡುವೆ ನಿಂತದ್ದು ಸಿರುಗುಪ್ಪದಲ್ಲಿ ಮಾತ್ರ. ಅಂದರೆ ಸಿರುಗುಪ್ಪದಲ್ಲೇ ಹಾಕಿದ್ದು, ಎಂಜಿನ್ ಬಿಸಿ ಇದ್ದಾಗ. ಬಿಸಿ ಮುಚ್ಚಳ ತೆಗೆದರೆ ನೀರು ಚಿಮ್ಮುತ್ತದೆ ಅಂತ ಡ್ರೈವರ್ ಆದವನಿಗೆ ಗೊತ್ತು. ಪರಶುವಿನ ಕೈ ಸುಟ್ಟಿಲ್ಲ. ನೀವು ಟವೆಲ್ ಸುತ್ತಿ ತೆಗೆದಿರಿ. ಅವನು ಹಾಕಿದ್ದ ಅರಿಶಿನದ ನೀರು ಟವೆಲಿಗೂ ಹಾರಿತು, ಕೈಗೂ ಹಾರಿತು. ಟವೆಲ್ ಬಚ್ಚಿಟ್ಟಿರಿ. ಚಹಾ ಎಡಗೈಯಲ್ಲಿ ಕುಡಿದಿರಿ. ಠಾಣೆಗೆ ಬರುವವರೆಗೂ ಆ ಮುಚ್ಚಳ ಮತ್ಯಾರೂ ಮುಟ್ಟಿಲ್ಲ. ಸ್ವಂತ ಜೀಪನ್ನೇ ಕೊಂದಿರಿ. ಯಾಕೆ?"

ಹೊನ್ನೂರಪ್ಪ ಕಟ್ಟೆಯ ಮೇಲೆ ಕುಸಿದ. ಆ ದೊಡ್ಡ ದನಿ ಎಲ್ಲಿ ಹೋಯಿತೋ.

"ಕೇಸ್ ಆದ್ರ ನೌಕರಿ ತಪ್ಪತೈತಿ, ಇಲ್ಲೇ ಉಳೀತಾನ ಅಂದ್ಕೊಂಡೆ. ಇವನು ಹೋದ್ರ ದಿನಾ ಹೊಲಕ್ಕ ಯಾರ ಜೋಡಿ ಹೋಗ್ಲಿ ಮೇಡಂ? ದಾರಿಯಾಗ ಯಾರ ಜೋಡಿ ಮಾತಾಡ್ಲಿ? ಜೀಪು ಹೋದ್ರ ಹೋಗ್ಲಿ, ಇವನಿದ್ರ ಸಾಕು ಅನಿಸ್ತು."

ಜ್ಯೋತಿಲಕ್ಷ್ಮಿಗೆ ಸಿಟ್ಟು ಬಂತು. ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ಒಬ್ಬನ ಬದುಕಿಗೆ ಕಲ್ಲು ಹಾಕಿ ಅದಕ್ಕೆ ಪ್ರೀತಿ ಎಂದು ಹೆಸರಿಡುವುದು ಎಂಥಾ ನ್ಯಾಯ?

"ಸುಳ್ಳು ದೂರಿಗೆ ಇವರ ಮೇಲೆ ಕೇಸ್ ಮಾಡಬಹುದು. ಪರಶು, ಏನಂತೀಯ?"

ಪರಶು ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದ. ಗೌಡರ ಮುಂದೆ ಕುಕ್ಕರಗಾಲಲ್ಲಿ ಕೂತು ಬೊಬ್ಬೆಗಳಿಗೆ ನಿಧಾನವಾಗಿ ಹಚ್ಚಿದ.

"ಕೇಸು ಬ್ಯಾಡ್ರಿ ಮೇಡಂ," ಎಂದ. ಆಮೇಲೆ ಗೌಡರ ಮುಖ ನೋಡದೆ, "ಒಂದು ಮಾತು ‘ಹೋಗಬ್ಯಾಡ, ಇರಲೇ’ ಅಂದಿದ್ರ ಇದ್ದುಬಿಡ್ತಿದ್ದೆ, ಗೌಡ್ರ."

ಹೊನ್ನೂರಪ್ಪ ತಲೆ ಎತ್ತಿದ. "ಈಗ ಅಂತೀನಿ. ಇರಲೇ ಪರಶು."

ಪರಶು ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ.

"ಈಗ ಬಳ್ಳಾರಿ ಬಸ್ಸಿನ ಹೊತ್ತಾತ್ರಿ."